ಖಾಲಿ ಉತ್ತರ

ಡಾಟ್‌ಕಾಮ್ ಕಂಪನಿಗಳು ಬೀದಿಗೊಂದರಂತೆ ಹುಟ್ಟುತ್ತಿದ್ದ ಕಾಲ. ವಾಲ್ನಟ್ ಕ್ರೀಕ್ ಎಂಬ ಊರಿನ ಪುಟ್ಟ ಆಫೀಸೊಂದರಲ್ಲಿ ನಾನು ಔಷಧಿ ಅಂಗಡಿಗಳ ವೆಬ್‌ಸೈಟು ನೋಡಿಕೊಳ್ಳುತ್ತಿದ್ದೆ. ಜನ ಮನೆಯಿಂದಲೇ ಮಾತ್ರೆಗೆ ಆರ್ಡರು ಕೊಡುತ್ತಿದ್ದರು. ಆ ಆರ್ಡರನ್ನು ಅಂಗಡಿಗೆ ಮುಟ್ಟಿಸುತ್ತಿದ್ದುದು ಮಾತ್ರ ಸೈಟಿನ ಹಿಂದಿದ್ದ ಬಹಳ ಹಳೆಯ ಪ್ರೋಗ್ರಾಮು. ಅದರ ಹೊಣೆ ಹಾಸನದ ಕಡೆಯ ನನ್ನ ಸಹೋದ್ಯೋಗಿಯದು.

ಒಂದು ಬೆಳಿಗ್ಗೆ ಗ್ರಾಹಕರೊಬ್ಬರು ಫೋನು ಮಾಡಿದರು. ಹೆಂಡತಿಯ ಹೃದಯದ ಮಾತ್ರೆಗೆ ಆರ್ಡರು ಕೊಟ್ಟಿದ್ದರು. ನಮ್ಮ ಸೈಟು 'ಆರ್ಡರು ತಲುಪಿದೆ' ಎಂದಿತ್ತು, ಅಂಗಡಿಯವರು ಅಂಥ ಆರ್ಡರೇ ಬಂದಿಲ್ಲ ಎನ್ನುತ್ತಿದ್ದರು. ಗ್ರಾಹಕರನ್ನು ಲೈನಿನಲ್ಲೇ ಇರಿಸಿ ಸಹೋದ್ಯೋಗಿಯನ್ನು ಕರೆದೆ.

ಅವರು ಹುಡುಕಿ ನೋಡಿ, "ಚೀಟಿ ಬರೆದ ಡಾಕ್ಟರ ಹೆಸರು ತುಂಬಾ ಉದ್ದ ಆಯ್ತು ಅಂದ್ರೆ ಹಳೇ ಪ್ರೋಗ್ರಾಮು ಆರ್ಡರ್ ತಗೊಳ್ಳಲ್ಲ ರೀ," ಎಂದರು. "ಎರರ್ ಅಂತಾನೂ ಹೇಳಲ್ಲ. ಖಾಲಿ ಉತ್ತರ ಕಳಿಸಿ ಸುಮ್ನಾಗತ್ತೆ."

"ಖಾಲಿ ಬಂದ್ರೆ ನಮ್ಮ ಸೈಟು ಎಲ್ಲಾ ಸರಿ ಇದೆ ಅನ್ಕೊಳತ್ತಲ್ರೀ!" ಎಂದೆ ನಾನು.

ಹೀಗೆ ಇನ್ನೆಷ್ಟು ಜನ ಕಾಯುತ್ತಿದ್ದಾರೋ!

ಸೈಟನ್ನು ಕೂಡಲೇ ನಿಲ್ಲಿಸೋಣ ಎಂದೆ, ಮ್ಯಾನೇಜರು ಒಪ್ಪಲಿಲ್ಲ. ಮಧ್ಯಾಹ್ನ ಸೈಟು ನೋಡಲು ಹೂಡಿಕೆದಾರರು ಬರುವವರಿದ್ದರು. ನಾನು ಲೈನಿನಲ್ಲೇ ಇದ್ದ ಗ್ರಾಹಕರ ಫೋನನ್ನು ಮ್ಯಾನೇಜರ ಕೈಗಿತ್ತು, "ಇದನ್ನು ಇವರಿಗೆ ನೀವೇ ಹೇಳಿ," ಎಂದೆ. ಅವರು ಗ್ರಾಹಕರ ಮಾತು ಕೇಳಿಸಿಕೊಂಡರು. ಮುಖ ಕೆಂಪಾಯಿತು. ಸೈಟು ಮುಚ್ಚಲು ಸನ್ನೆ ಮಾಡಿ, ಆ ಮಾತ್ರೆಗಾಗಿ ತಾವೇ ಅಂಗಡಿಗೆ ಫೋನು ಹಚ್ಚಿದರು.

ಯಾರ ಆರ್ಡರಿಗೆ ಖಾಲಿ ಉತ್ತರ ಬಂದಿತ್ತೋ ಅವರಿಗೆಲ್ಲ ನಾವಿಬ್ಬರೂ ಫೋನು ಮಾಡುತ್ತಾ ಹೋದೆವು. ಹತ್ತಿರದ ಬರ್ಕ್ಲಿಯ ಒಬ್ಬ ವೃದ್ಧೆ ಮಾತ್ರ ಎತ್ತಲೇ ಇಲ್ಲ. ಅವರ ಆರ್ಡರೂ ಹೃದಯದ ಮಾತ್ರೆಯದೇ.

"ನಡೀರಿ, ಹೋಗಿ ನೋಡೋಣ," ಎಂದು ಸಹೋದ್ಯೋಗಿ ಕಾರಿನ ಕೀ ತೆಗೆದುಕೊಂಡರು.

ಆಕೆಯ ಮನೆಯ ಬೆಲ್ ಒತ್ತಿದೆವು. ಸದ್ದಿಲ್ಲ. ಬಾಗಿಲು ಬಡಿದೆವು. ನಾನು ಪೊಲೀಸರನ್ನು ಕರೆಯೋಣ ಎನ್ನುವಷ್ಟರಲ್ಲಿ ಬಾಗಿಲು ನಿಧಾನವಾಗಿ ತೆರೆಯಿತು. ಆಕೆ ಗೋಡೆ ಹಿಡಿದು ನಿಂತಿದ್ದರು. ತುಟಿ ಬಿಳಿಚಿತ್ತು.

"ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಇದ್ದ ಮಾತ್ರೇನೇ ಮುರಿದು ಅರ್ಧರ್ಧ ತಗೊಳ್ತಿದ್ದೆ," ಎಂದರು. ಹಿಂದಿನ ದಿನ ಅದೂ ಮುಗಿದಿತ್ತು; ಎದ್ದು ಫೋನು ಎತ್ತಲೂ ತ್ರಾಣವಿರಲಿಲ್ಲ.

ತೋಳು ಹಿಡಿದು ಕಾರಿಗೆ ಹತ್ತಿಸಿ ಅಂಗಡಿಗೆ ಕರೆದೊಯ್ದೆವು. ಅಂಗಡಿಯವರು ಅವರ ವೈದ್ಯರೊಂದಿಗೆ ಮಾತಾಡಿ ಮಾತ್ರೆ ಕೊಟ್ಟರು. ಆಕೆ ನುಂಗಿ, ಕುರ್ಚಿಗೊರಗಿ ಕಣ್ಣು ಮುಚ್ಚಿದರು. ಮುಖಕ್ಕೆ ಬಣ್ಣ ಮರಳುವವರೆಗೂ ನಾವು ಅಲ್ಲಿಂದ ಕದಲಲಿಲ್ಲ.