ಮೋರಗಾವದವರೆಗೆ ಒಂದು ಡಬ್ಬಿ ಡೀಸೆಲ್

ಪಾರವ್ವನಿಗೆ ದಿವೆ ಘಾಟಿನ ಇಳಿಜಾರೆಂದರೆ ಹೆದರಿಕೆ. ಆದರೂ ಪುಣೆಗೆ ಮರಳುವಾಗ ಸಾಸವಡ ದಾಟಿದ ಕೂಡಲೇ ಅವಳ ಮನಸ್ಸು ಅದರ ದಾರಿ ಕಾಯತೊಡಗುತ್ತಿತ್ತು. ರಸ್ತೆ ಬೆಟ್ಟದ ಅಂಚಿಗೆ ಬಂದು ಹೊರಳುವ ಕಡೆ ಗಂಡ ರಾಮಲಿಂಗಪ್ಪ ಗೇರು ತೆಗೆದು, ಕೀಲಿ ತಿರುವಿ ಎಂಜಿನ್ ಬಂದ್ ಮಾಡಿಬಿಡುತ್ತಿದ್ದ. ಅಲ್ಲಿಯತನಕ ಹಿಟ್ಟಿನ ಗಿರಣಿಯಂತೆ ಒದರುತ್ತಿದ್ದ ಪಿಕಪ್ ಒಮ್ಮೆಲೇ ಸುಮ್ಮನಾಗುತ್ತಿತ್ತು. ಗಾಳಿಯ ಸಪ್ಪಳ, ಟೈರಿನ ಸಪ್ಪಳ, ಹಿಂದೆ ಹಗ್ಗದ ತುದಿ ತಗಡಿಗೆ ಬಡಿಯುವ ಸಪ್ಪಳ, ಇಷ್ಟೇ. ಕೆಳಗೆ ಮಸ್ತಾನಿ ಕೆರೆ ಯಾರೋ ನೆಲದ ಮೇಲೆ ಮರೆತು ಹೋದ ಕನ್ನಡಿಯ ಹಾಗೆ ಬಿದ್ದಿರುತ್ತಿತ್ತು. ಅದರಾಚೆ ಮಂಜಿನಲ್ಲಿ ಪುಣೆ.

"ಇಳಿಜಾರು ಅಂದ್ರ ದೇವರು ಪುಕ್ಕಟೆ ಕೊಟ್ಟ ಡೀಸೆಲ್ ನೋಡು" ಅನ್ನುತ್ತಿದ್ದ ಅವನು.

ಪಾರವ್ವ ಸೀಟಿನ ಅಂಚು ಗಟ್ಟಿಯಾಗಿ ಹಿಡಿದು ಕೂತಿರುತ್ತಿದ್ದಳು. ಆದರೆ ಬಿಬವೇವಾಡಿಯ ಅವರ ಒಂದೇ ಖೋಲಿಯ ಮನೆಯಲ್ಲಿ ಅತ್ತೆ, ಮೈದುನ, ಮಗಳು ರೇಣು, ನೆರೆಮನೆಯ ಟಿ.ವಿ., ನಳದ ಮುಂದಿನ ಜಗಳ, ಇವೆಲ್ಲದರ ನಡುವೆ ಗಂಡನ ಮೆಲುದನಿ ಕೇಳುವ ಜಾಗ ಅವಳಿಗೆ ಬೇರೆಲ್ಲೂ ಇರಲಿಲ್ಲ. ಆ ಇಳಿಜಾರಿನಲ್ಲಿ ಮಾತ್ರ ಅವನು ಮೆತ್ತಗೆ ಮಾತಾಡುತ್ತಿದ್ದ. ಇಂಡಿ ತಾಲೂಕಿನ ತಮ್ಮ ಊರಿನ ನಿಂಬೆ ತೋಟದ ವಾಸನೆ, ಚಿಕ್ಕಂದಿನಲ್ಲಿ ಕಂಡ ಒಂದು ಕೆಂದು ಹೋರಿ, ರೇಣು ದೊಡ್ಡವಳಾದ ಮೇಲೆ ಏನಾಗಬೇಕು, ಹೀಗೆ ಏನೇನೋ. ಘಾಟು ಮುಗಿದು ಎಂಜಿನ್ ಮತ್ತೆ ಒದರಲು ಶುರು ಮಾಡಿದರೆ ಮಾತೂ ಮುಗಿಯುತ್ತಿತ್ತು.

ರಾಮಲಿಂಗಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲನಾಗಿ ಸೇರಿ, ಆಮೇಲೆ ಒಬ್ಬ ವ್ಯಾಪಾರಿಯ ಡ್ರೈವರನಾಗಿ, ತೊಂಬತ್ಮೂರರಲ್ಲಿ ಈ ಪಿಕಪ್ಪನ್ನು ಹಳೆಯದಾಗಿಯೇ ಕೊಂಡಿದ್ದ. ಅವನಿಗಿಂತ ಮೊದಲು ಇಬ್ಬರು ಅದನ್ನು ಹೊಡೆದು ದಣಿದಿದ್ದರು. ಬಾರಾಮತಿಯಿಂದ ಬೆಲ್ಲ, ಈರುಳ್ಳಿ ತರುವ ಕೆಲಸಕ್ಕೇನೂ ಕೊರತೆಯಿರಲಿಲ್ಲ, ಹೇರು ನೋಡಿಕೊಳ್ಳಲು ಪಾರವ್ವನೂ ಜೊತೆಗೆ ಹೋಗುತ್ತಿದ್ದಳು. ಆದರೆ ಗಾಡಿ ದುಡಿದದ್ದರಲ್ಲಿ ದೊಡ್ಡ ಪಾಲನ್ನು ಗಾಡಿಯೇ ಕುಡಿಯುತ್ತಿತ್ತು. ಹೊಸದರಲ್ಲಿ ಒಮ್ಮೆ ಅದರ ಹೊಟ್ಟೆ ಎಷ್ಟು ದೊಡ್ಡದೆಂದು ನೋಡಿಬಿಡೋಣವೆಂದು ದೇಹೂ ರೋಡಿನ ತನಿಯಪ್ಪನ ಹತ್ತಿರ ಹೋಗಿದ್ದ. ತನಿಯಪ್ಪ ಮಂಗಳೂರು ಕಡೆಯವನು. ಮಿಲಿಟರಿಯ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದು, ರಿಟೈರ್ ಆದ ಮೇಲೆ ಅಲ್ಲೇ ರಸ್ತೆ ಬದಿಗೆ ಸಣ್ಣ ಗ್ಯಾರೇಜು ಹಾಕಿಕೊಂಡಿದ್ದ. ಮೀಟರು ಸತ್ತುಹೋಗಿದ್ದ ಗಾಡಿಗೆ ಅವನು ಮಾಡಿದ ಉಪಾಯ ಸರಳವಾಗಿತ್ತು. ಟಾಕಿಯ ಪೈಪು ತಪ್ಪಿಸಿ, ಬಿಳಿಯ ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ಡೀಸೆಲ್ ತುಂಬಿ, ಅದರಿಂದಲೇ ಎಂಜಿನ್ನಿಗೆ ಪೈಪು ಕೊಟ್ಟು, ಡಬ್ಬಿಯನ್ನು ಕ್ಯಾಬಿನ್ನಿನಲ್ಲಿ ಇಟ್ಟ. ಕಣ್ಣೆದುರೇ ಡೀಸೆಲ್ ಇಳಿಯುವುದು ಕಾಣುತ್ತಿತ್ತು. ಯಾರ್ಡಿನಿಂದ ಹೊರಟ ಡಬ್ಬಿ ಜೇಜುರಿಯ ಗುಡ್ಡದ ಬುಡದಲ್ಲಿ ತಳ ಕಂಡಿತು.

"ಇದರ ಹೊಟ್ಟೆ ಆನೆ ಹೊಟ್ಟೆ ಅದ" ಎಂದು ರಾಮಲಿಂಗಪ್ಪ ನಿಟ್ಟುಸಿರು ಬಿಟ್ಟಿದ್ದ. ಆವತ್ತಿನಿಂದಲೇ ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡುವ ಚಟ ಹತ್ತಿತು.

ತೊಂಬತ್ತಾರರ ಮಳೆಗಾಲ. ಬೆಲ್ಲದ ಪೆಂಟಿಗಳನ್ನು ಹೇರಿಕೊಂಡು ಬರುತ್ತಿದ್ದರು. ಜಿಟಿಜಿಟಿ ಮಳೆ ನಿಂತು ಘಾಟಿನ ತುಂಬ ಬಿಳಿ ಮೋಡ ಇಳಿದಿತ್ತು. ಅವನು ಎಂದಿನಂತೆ ಕೀಲಿ ತಿರುವಿದ. ಮೋಡದೊಳಗೆ ಗಾಡಿ ತೇಲುತ್ತಿದೆಯೆಂದು ಪಾರವ್ವನಿಗೆ ಅನಿಸಿತು. ಮುಂದಿನ ತಿರುವಿನಲ್ಲಿ ಒಂದು ಎಮ್ಮೆ ಅಡ್ಡ ಬಂತು. ರಾಮಲಿಂಗಪ್ಪ ಬ್ರೇಕ್ ತುಳಿದ, ಪೆಡಲು ಕಲ್ಲಾಗಿತ್ತು. ಎಂಜಿನ್ ನಿಂತ ಗಾಡಿಯ ಬ್ರೇಕಿಗೆ ಬಲವೇ ಇರುವುದಿಲ್ಲವೆಂಬ ಮಾತು ಅವನಿಗೆ ಗೊತ್ತಿರದೆ ಇರಲಿಲ್ಲ, ಆದರೆ ಆವತ್ತಿನವರೆಗೆ ಅದು ಬರೀ ಮಾತಾಗಿತ್ತು. ಕಣಿವೆಯ ಕಡೆ ಬಿಡದೆ ಗಾಡಿಯನ್ನು ಬೆಟ್ಟದ ಕಡೆಗೆ ಹೊರಳಿಸಿ, ರಸ್ತೆ ಕೆಲಸದವರು ಸುರಿದಿದ್ದ ಖಡಿಕಲ್ಲಿನ ಗುಪ್ಪೆಗೆ ಹೊಡೆಸಿದ. ಪಾರವ್ವನಿಗೆ ಹಣೆ ಒಡೆಯಿತು. ಅವನ ಬಲಗಾಲು ಮೊಣಕಾಲಿನ ಹತ್ತಿರ ಮುರಿಯಿತು. ಎಮ್ಮೆ ಏನೂ ಆಗದಂತೆ ದಾಟಿ ಹೋಯಿತು.

ಕಾಲು ಕೂಡಿತು, ಆದರೆ ಮಣಿಯುವುದನ್ನು ಬಿಟ್ಟಿತು. ಪಿಕಪ್ ತನಿಯಪ್ಪನ ಗ್ಯಾರೇಜಿನಲ್ಲಿ ಮೂತಿ ಚಪ್ಪಟೆಯಾಗಿ ನಿಂತಿತ್ತು. ಮನೆಯಲ್ಲಿ ರಾಮಲಿಂಗಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಒಂದು ದಿನ ಮುಖ ತಿರುಗಿಸದೆಯೇ ಹೇಳಿದ: "ಗಾಡಿ ಮಾರಿಬಿಡೂಣು."

"ಬ್ಯಾಡ್ರಿ" ಎಂದಳು ಪಾರವ್ವ, ರೊಟ್ಟಿ ಬಡಿಯುತ್ತಲೇ. "ನಾ ಹೊಡೀತೀನಿ."

"ನೀ? ಮಂದಿ ನಗ್ತಾರ."

"ನಗಲಿ. ಮಂದಿ ನಕ್ರ ನಮ್ಮ ಡೀಸೆಲ್ ಖರ್ಚಾಗ್ತದೇನು?"

ಅವನು ಆಗ ಮುಖ ತಿರುಗಿಸಿ ನೋಡಿದ. ಅವಳಿಗೂ ತಾನು ಆಡಿದ್ದು ತನ್ನದೇ ಮಾತೇ ಎಂದು ಆಶ್ಚರ್ಯವಾಗಿತ್ತು. ಆದರೆ ಆ ಮಾತು ಎಲ್ಲಿಂದ ಬಂತೆಂದು ಒಳಗೊಳಗೆ ಗೊತ್ತಿತ್ತು. ಇಷ್ಟು ವರ್ಷ ಎಡಗಡೆಯ ಸೀಟಿನಲ್ಲಿ ಕೂತು ಅವಳು ಅರ್ಧ ಎಚ್ಚರ, ಅರ್ಧ ಕನಸಿನಲ್ಲಿ ಗಾಡಿ ಹೊಡೆಯುತ್ತಲೇ ಬಂದಿದ್ದಳು. ಅವನು ಗೇರು ಬದಲಿಸುವ ಹೊತ್ತಿಗೆ ಅವಳ ಎಡಗಾಲೂ ನೆಲವನ್ನು ಒತ್ತುತ್ತಿತ್ತು.

ತನಿಯಪ್ಪ ನಗಲಿಲ್ಲ. ಗಾಡಿಯ ಮೂತಿ ತಟ್ಟಿ ನೆಟ್ಟಗೆ ಮಾಡುತ್ತಿದ್ದಂತೆ ಅವಳಿಗೆ ಒಂದೊಂದೇ ಹೇಳಿಕೊಟ್ಟ. ಹಿಂದಿನ ಚಕ್ರವನ್ನು ಜಾಕಿನ ಮೇಲೆ ಎತ್ತಿ, "ಕೈಯಿಂದ ತಿರುಗಿಸಿ ನೋಡಿ ಅಕ್ಕ" ಎಂದ. ಅದು ಅರ್ಧ ಸುತ್ತಿಗೇ ನಿಂತಿತು. "ಬ್ರೇಕ್ ಹಿಡ್ಕೊಂಡೇ ಉಂಟು. ಇಷ್ಟು ದಿನ ನೀವು ಗಾಡಿಯನ್ನು ಓಡಿಸಿದ್ದಲ್ಲ, ಎಳೆದದ್ದು." ಗಾಳಿ ಸೋಸುವ ಜಾಲರಿ ಬಿಚ್ಚಿದಾಗ ಮುಷ್ಟಿ ಮುಷ್ಟಿ ಕೆಂಧೂಳು ಬಿತ್ತು. ಮೇಲಿದ್ದ ಭಾರವಾದ ಕಬ್ಬಿಣದ ಚೌಕಟ್ಟು, ಯಾವ ಕಾಲದ್ದೋ ಒದ್ದೆ ತಾಡಪತ್ರಿಗಳು, ಸ್ಪ್ರಿಂಗಿನ ಮುರಿದ ಪಾಟಾ, ಎಲ್ಲವನ್ನೂ ಇಳಿಸಿದರು. ಟೈರಿಗೆ ಗಾಳಿ ಸರಿಯಾಗಿ ಹಿಡಿಸಿದರು.

"ಘಾಟಿನ್ಯಾಗ ಎಂಜಿನ್ ಬಂದ್ ಮಾಡಿದ್ರ ಉಳಿತಾಯ ಆಗ್ತದಲ್ರಿ, ಅಣ್ಣಾರ?" ಎಂದು ಅವಳು ಕೇಳಿದಳು.

"ಗೇರಿನಲ್ಲೇ ಇಳಿಸಿ, ಎಕ್ಸಿಲೇಟರಿಂದ ಕಾಲು ತೆಗೀರಿ. ಆಗ ಗಾಡಿಯೇ ಎಂಜಿನನ್ನು ತಿರುಗಿಸ್ತದೆ, ಅದು ಡೀಸೆಲ್ ಕುಡಿಯುವುದೇ ಇಲ್ಲ. ಬ್ರೇಕೂ ಕೈಯಲ್ಲಿರ್ತದೆ. ಬಂದ್ ಮಾಡಿ ಉಳಿಸ್ಲಿಕ್ಕೆ ಅಲ್ಲಿ ಎಂಥದೂ ಇಲ್ಲ."

ಪಾರವ್ವ ಆ ರಾತ್ರಿ ಇದನ್ನು ಗಂಡನಿಗೆ ಹೇಳಲಿಲ್ಲ.

ದೇಹೂ ರೋಡಿನ ಖಾಲಿ ಬಯಲಿನಲ್ಲಿ ಮೊದಲು ಗಾಡಿ ಅವಳ ಕೈಯಲ್ಲಿ ಕಪ್ಪೆಯಂತೆ ಜಿಗಿಯಿತು. ಬಲಗಾಲಿಗೆ ಲೆಕ್ಕ ಸಿಗಲೊಲ್ಲದು. ಮೂರನೆಯ ದಿನವೋ ನಾಲ್ಕನೆಯ ದಿನವೋ, ಅವಳಿಗೆ ರೇಣುವಿನ ತೊಟ್ಟಿಲು ನೆನಪಾಯಿತು. ತೊಟ್ಟಿಲ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು, ಕೈಯಲ್ಲಿ ಅಕ್ಕಿ ಆರಿಸುತ್ತ, ಮೆಲ್ಲಗೆ ತೂಗುತ್ತಿದ್ದಳು. ಜೋರಾಗಿ ಜಗ್ಗಿದರೆ ಕೂಸು ಏಳುತ್ತದೆ, ಬಿಟ್ಟರೂ ಏಳುತ್ತದೆ. ಪೆಡಲಿನ ಮೇಲೆ ಅದೇ ಹೆಬ್ಬೆರಳನ್ನು ಇಟ್ಟಳು. ಗಾಡಿ ನಿದ್ದೆಯಲ್ಲಿ ಹೊರಳಿದಂತೆ ಮುಂದೆ ಸರಿಯಿತು. ತನಿಯಪ್ಪ ಕೈಯಲ್ಲಿದ್ದ ಬೀಡಿ ಮರೆತು ನೋಡುತ್ತ ನಿಂತ.

ಲೈಸೆನ್ಸಿನ ಕಚೇರಿಯಲ್ಲಿ ಗುಮಾಸ್ತ ಅವಳ ಹಿಂದೆ ಮುಂದೆ ನೋಡಿ, "ತಾಈ, ಗಾಡಿ ಕೋಣ್ ಚಾಲವಣಾರ?" ಎಂದು ಕೇಳಿದ. ಯಾರು ಓಡಿಸುವವರು?

"ಮೀಚ್" ಎಂದಳು ಪಾರವ್ವ. ನಾನೇ.

ಮೊದಲ ಬಾಡಿಗೆಗೆ ಹೊರಟ ಬೆಳಿಗ್ಗೆ ರಾಮಲಿಂಗಪ್ಪ ತಾನೂ ಬರುತ್ತೇನೆಂದು ಕೋಲೂರಿಕೊಂಡು ಎದ್ದ. ಎಡಗಡೆಯ ಸೀಟಿನಲ್ಲಿ ಕಾಲು ಚಾಚಿ ಕೂತ. ಮುಖ ಬಿಗಿದಿತ್ತು. ತನಿಯಪ್ಪ ಹಿಂದಿನ ದಿನವೇ ಅದೇ ಬಿಳಿ ಡಬ್ಬಿಯನ್ನು ಜೋಡಿಸಿಕೊಟ್ಟಿದ್ದ. ಯಾರ್ಡಿನಲ್ಲಿ ಅದನ್ನು ಮೊದಲಿನಷ್ಟೇ ತುಂಬಿಸಿಕೊಂಡು ರಾಮಲಿಂಗಪ್ಪ ತೊಡೆಯ ಮೇಲೆ ಇಟ್ಟುಕೊಂಡ. ಹಡಪಸರದ ಸಿಗ್ನಲ್ಲಿನಲ್ಲಿ ಗಾಡಿ ಬಂದ್ ಬಿತ್ತು. ಹಿಂದಿನವರು ಹಾರ್ನು ಹೊಡೆದರು, ಬೈದರು. ಅವನು ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವಳು ಮತ್ತೆ ಚಾಲೂ ಮಾಡಿದಳು.

ಘಾಟು ಹತ್ತಿದ ಮೇಲೆ ಬಿಸಿಲು ಬಿತ್ತು. ಡಬ್ಬಿಯೊಳಗಿನ ಹಳದಿ ಡೀಸೆಲ್ಲಿನಲ್ಲಿ ಸೂರ್ಯ ಅತ್ತಿತ್ತ ತೂಗುತ್ತಿದ್ದ. ಎಲ್ಲ ಲಾರಿಗಳೂ, ಎಸ್.ಟಿ. ಬಸ್ಸುಗಳೂ ಅವರನ್ನು ದಾಟಿ ಹೋದವು. ಒಂದು ಎತ್ತಿನ ಗಾಡಿಯನ್ನು ಮಾತ್ರ ಅವರು ದಾಟಿದರು. ಪಾರವ್ವ ಯಾರ ಬೆನ್ನೂ ಹತ್ತಲಿಲ್ಲ. ಮುಂದೆ ತಿರುವಿದೆಯೆಂದರೆ ಬಹಳ ಮೊದಲೇ ಕಾಲು ಸಡಿಲಿಸುತ್ತಿದ್ದಳು, ಬ್ರೇಕಿನ ಹಂಗಿಲ್ಲದೆ ಗಾಡಿ ತಾನೇ ಮೆತ್ತಗಾಗುತ್ತಿತ್ತು. ಸಾಸವಡ ಬಂತು, ಹೋಯಿತು. ಜೇಜುರಿಯ ಗುಡ್ಡ ಕಂಡಿತು, ಭಂಡಾರದ ಅರಿಸಿನ ಮೆತ್ತಿದ ಗುಡಿಯ ಮೆಟ್ಟಿಲು ಕಂಡವು. ರಾಮಲಿಂಗಪ್ಪ ಡಬ್ಬಿಯನ್ನು ಎತ್ತಿ ಬೆಳಕಿಗೆ ಹಿಡಿದ.

"ಇನ್ನ ಅದ" ಎಂದ.

ಜೇಜುರಿ ಹಿಂದೆ ಬಿತ್ತು. ರಸ್ತೆಯ ಎರಡೂ ಕಡೆ ಜೋಳದ ತೆನೆ ಬಾಗಿದ್ದವು. ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಇನ್ನೂ ಅದ, ಪಾರೂ" ಎಂದ. ಪಾರೂ ಎಂದು ಕರೆದು ಎಷ್ಟು ವರ್ಷವಾಗಿತ್ತೋ. ಮೋರಗಾವದ ಗಣಪತಿ ಗುಡಿಯ ಶಿಖರ ದಾಟಿ, ಒಂದು ಆಲದ ಮರ ಬಂದಾಗ, ಡಬ್ಬಿಯಲ್ಲಿ ಬೆರಳಗಲ ಉಳಿದಿತ್ತು. "ಇಲ್ಲಿ ನಿಲ್ಲಸು" ಎಂದು ಅವನು ಇಳಿದ. ಟಾಕಿಯ ಪೈಪು ಮತ್ತೆ ಜೋಡಿಸಿ, ಡಬ್ಬಿಯನ್ನು ತಬ್ಬಿಕೊಂಡು ಮರದ ಕೆಳಗೆ ನಿಂತು, ಬಂದ ದಾರಿಯನ್ನು ಬಹಳ ಹೊತ್ತು ನೋಡಿದ. ಅವನ ಕಣ್ಣು ತುಂಬಿದ್ದವು. ಪಾರವ್ವನೂ ಆ ದಾರಿಯ ಕಡೆಗೇ ನೋಡಿದಳು, ಅವನ ಮುಖವನ್ನು ನೋಡಲಿಲ್ಲ.

"ನಾ ಎಂಜಿನ್ ಬಂದ್ ಮಾಡಿ ಕಾಲು ಕಳಕೊಂಡೆ. ನೀ ಚಾಲೂ ಇಟ್ಟು ಇಲ್ಲೀಮಟ ತಂದಿ."

"ಕಾಲು ಎಲ್ಲಿ ಕಳಕೊಂಡೀರಿ? ಇಲ್ಲೇ ಅದಲ್ಲ" ಎಂದಳು ಅವಳು. ಅವನು ನಕ್ಕ, ಅಪಘಾತವಾದ ಮೇಲೆ ಮೊದಲ ಸಲ.

ನಿಧಾನ ಹೊಡೆಯುವವಳೆಂದು ಬೆಲ್ಲದ ವ್ಯಾಪಾರಿಗಳು ಕೆಲವರು ಅವಳನ್ನು ಬಿಟ್ಟರು. ಆದರೆ ಯಾರ್ಡಿನ ಹಣ್ಣಿನ ದಲಾಲ ಈರಣ್ಣ ಅವಳನ್ನು ಹುಡುಕಿಕೊಂಡು ಬಂದ. ಸಾಸವಡ ಕಡೆಯ ಅಂಜೂರದ ಹಣ್ಣು ಬಲು ನಾಜೂಕು. ಜೋರು ಗಾಡಿಯಲ್ಲಿ ಬಂದರೆ ಬಿರಿದು ರಸವಾಗಿ ಬುಟ್ಟಿಯಲ್ಲೇ ಹುಳಿಯುತ್ತವೆ. "ಅಕ್ಕಾರ, ನಿಮ್ಮ ಗಾಡ್ಯಾಗ ಬಂದ ಹಣ್ಣು ಗಿಡದಾಗ ಇದ್ದಂಗ ಬರ್ತಾವ್ರಿ" ಎಂದ ಅವನು, ಮೊದಲ ಖೇಪು ಇಳಿಸಿದ ದಿನ. ಅಲ್ಲಿಂದ ಮುಂದೆ ಪ್ರತಿ ವರ್ಷ ಅಂಜೂರದ ಕಾಲವೆಲ್ಲ ಅವಳದಾಯಿತು. ನಸುಕಿನಲ್ಲಿ ತೋಟಗಳಿಂದ ಹೊರಟು, ಹಣ್ಣಿನ ಸಿಹಿ ವಾಸನೆ ತುಂಬಿದ ಕ್ಯಾಬಿನ್ನಿನಲ್ಲಿ ಗಂಡ ಹೆಂಡತಿ ಮಾತಾಡುತ್ತ ಬರುತ್ತಿದ್ದರು. ಅವಳ ಕಾಲ ಕೆಳಗೆ ಎಂಜಿನ್ ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಡುತ್ತಿತ್ತು. ಮಾತಿಗೆ ಅದು ಅಡ್ಡಿಯಾಗುತ್ತಿರಲಿಲ್ಲ. ಮೈದುನ ಬೇರೆ ಮನೆ ಮಾಡಿದ, ಅತ್ತೆ ತೀರಿಕೊಂಡಳು, ರೇಣು ಕಾಲೇಜು ಮುಗಿಸಿ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುವ ಕೆಲಸಕ್ಕೆ ಸೇರಿದಳು.

ಎರಡು ಸಾವಿರದ ಆರರಲ್ಲಿ ರೇಣುವೇ ಮಾತು ತೆಗೆದಳು. "ಅವ್ವಾ, ಡೀಸೆಲ್ ನೀ ಉಳಸ್ತಿ, ಖರೆ. ಆದ್ರ ಹೋದ ವರ್ಷ ಎಂಜಿನ್ ಎರಡ ಸಲ ಬಿಚ್ಚಿದ್ರು. ಅದರ ಸಾಮಾನೂ ಈಗ ಸಿಗವಲ್ವು. ಹೊಗಿ ತಪಾಸಣಿಗೂ ಅದು ಪಾಸಾಗಂಗಿಲ್ಲ. ಹೊಸಾ ಸಣ್ಣ ಗಾಡಿ ಬಂದಾವ, ತಗೊಳ್ಳೂಣು."

ಪಾರವ್ವ ವಾದಿಸಲಿಲ್ಲ. ಬೆಳಿಗ್ಗೆ ಚಾಲೂ ಮಾಡುವಾಗ ಗಾಡಿ ಕೆಮ್ಮುವುದು ಅವಳ ಎದೆಗೂ ಕೇಳಿಸುತ್ತಿತ್ತು. ತನಿಯಪ್ಪನೂ, "ಇನ್ನು ಅದಕ್ಕೆ ವಿಶ್ರಾಂತಿ ಕೊಡಿ ಅಕ್ಕ" ಎಂದಿದ್ದ. ಬಾರಾಮತಿಯ ಬಾಳು ಎಂಬ ನರ್ಸರಿಯವನು ತೋಟದೊಳಗೆ ಸಸಿ ಸಾಗಿಸಲು ಅದನ್ನು ಕೊಳ್ಳಲು ಒಪ್ಪಿದ. ಸೋಮವಾರ ಒಯ್ಯುತ್ತೇನೆಂದ.

ಭಾನುವಾರ ಬೆಳಿಗ್ಗೆ ಪಾರವ್ವ ಪಂಪಿಗೆ ಹೋಗಿ ಟಾಕಿ ತುಂಬಿಸಿದಳು. ಬಾಡಿಗೆಯಿಲ್ಲ, ಹೇರಿಲ್ಲ.

"ಎಲ್ಲಿಗೆ?" ಎಂದ ರಾಮಲಿಂಗಪ್ಪ.

"ಎಲ್ಲಿಗೂ ಇಲ್ಲ. ಅರ್ಧ ಟಾಕಿ ಮುಗಿಯೂತನಕ ಹೋಗೂಣು, ಆಮ್ಯಾಲ ತಿರುಗೂಣು."

"ಸುಮ್ಮಸುಮ್ಮನ ಡೀಸೆಲ್ ಸುಡ್ತೀ?"

"ಹೌದ್ರಿ. ಒಂದ ದಿನ ಸುಡೂಣು."

ಸೋಲಾಪುರದ ಹೆದ್ದಾರಿ ಹಿಡಿದರು. ಫೆಬ್ರವರಿಯ ತಿಳಿ ಬಿಸಿಲು. ಕಬ್ಬಿನ ಹೂವು ಬೆಳ್ಳಗೆ ಅಲುಗುತ್ತಿತ್ತು. ಭಿಗವಣದ ಹತ್ತಿರ ಉಜನಿಯ ಹಿನ್ನೀರು ಕಂಡಾಗ ಅವಳು ಮಣ್ಣಿನ ದಾರಿಗೆ ಇಳಿಸಿ ನೀರಿನ ಅಂಚಿಗೆ ತಂದು ನಿಲ್ಲಿಸಿದಳು. ದೂರದಲ್ಲಿ ನೀರಿನ ಮೇಲೆ ಗುಲಾಬಿ ಬಣ್ಣದ ಗೆರೆಯೊಂದಿತ್ತು. ಮೊದಲು ಅದು ಬಿಸಿಲಿನ ಆಟವೆಂದು ತಿಳಿದರು. ಒಬ್ಬ ಮೀನುಗಾರ ದೋಣಿ ತಳ್ಳಿದ್ದೇ ತಡ, ಆ ಗೆರೆ ಕದಲಿತು, ಎದ್ದಿತು, ನೂರಾರು ಉದ್ದ ಕಾಲಿನ ಹಕ್ಕಿಗಳಾಗಿ ಅವರ ತಲೆಯ ಮೇಲೆ ಹರಡಿಕೊಂಡಿತು. ರೆಕ್ಕೆಯ ಒಳಗೆಲ್ಲ ಕುಂಕುಮ.

"ಇವು ಎಲ್ಲಿಂದ ಬರ್ತಾವಂತ?" ಎಂದಳು.

"ಯಾರಿಗ್ಗೊತ್ತು. ಭಾಳ ದೂರದಿಂದ ಇರಬೇಕು" ಎಂದ ಅವನು.

ರೊಟ್ಟಿ, ಶೇಂಗಾ ಚಟ್ನಿ ತಿಂದರು. ಪಾರವ್ವ ಸೀಟಿನ ಮೇಲೆ ತಲೆಯಿಟ್ಟು, ಎರಡೂ ಬಾಗಿಲು ತೆರೆದಿಟ್ಟು ಮಲಗಿದಳು. ನೀರಿನ ಗಾಳಿ ಒಂದು ಬಾಗಿಲಿನಿಂದ ಬಂದು ಇನ್ನೊಂದರಿಂದ ಹೋಗುತ್ತಿತ್ತು. ರಾಮಲಿಂಗಪ್ಪ ಕಲ್ಲಿನ ಮೇಲೆ ಕಾಲು ಚಾಚಿ ಕೂತು, ಹಕ್ಕಿಗಳು ಮತ್ತೆ ನೀರಿಗೆ ಇಳಿಯುವುದನ್ನು ನೋಡುತ್ತಿದ್ದ. ಅವಳು ಎದ್ದಾಗ ಬಿಸಿಲು ವಾಲಿತ್ತು.

ಮರುದಿನ ಬಾಳು ಬಂದು ಗಾಡಿ ಒಯ್ದ. ವಾರ ಕಳೆದ ಮೇಲೆ ಹೊಸದು ಬಂತು. ರೇಣು ಅದರ ಮೂತಿಗೆ ಹೂವಿನ ಸರ ಹಾಕಿದಳು. ಅಂಜೂರದ ಕಾಲ ಇನ್ನೂ ಮುಗಿದಿರಲಿಲ್ಲ. ಪಾರವ್ವ ಸೀಟನ್ನು ಮುಂದೆ ಎಳೆದುಕೊಂಡು, ಕನ್ನಡಿ ಸರಿಮಾಡಿಕೊಂಡು, ಗಂಡ ಹತ್ತಿ ಕೂಡುವವರೆಗೆ ಕಾದು, ಸಾಸವಡದ ದಾರಿ ಹಿಡಿದಳು.