ಅಳತೆ ಗೊತ್ತಿಲ್ಲದ ರಿಜಿಸ್ಟರ್

ಕಚೇರಿಯಲ್ಲಿ ಎಲ್ಲರೂ ಅವಳನ್ನು ಅನುಮಾನದಕ್ಕ ಎನ್ನುತ್ತಿದ್ದರು. ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸುವ ತಂತ್ರಾಂಶ ಅವರದು. ಆ ಒಳಗಿನದಕ್ಕೆ ವರ್ಚುವಲ್ ಮಷೀನ್ ಎಂದು ಹೆಸರು. ಪ್ರೊಸೆಸರ್ ಆ ಕ್ಷಣದ ಲೆಕ್ಕವನ್ನು ಇಟ್ಟುಕೊಳ್ಳುವ ಪುಟ್ಟ ಜಾಗಗಳೇ ರಿಜಿಸ್ಟರುಗಳು. ಓಡುವ ಮಷೀನನ್ನು ನಿಲ್ಲಿಸಿ ಬೇರೆ ಕಂಪ್ಯೂಟರಿಗೆ ಒಯ್ಯಬೇಕಾದರೆ ಅವನ್ನು ಹೊರಗಿನಿಂದ ಓದಿ, ಅಲ್ಲಿ ಮತ್ತೆ ಬರೆಯಬೇಕು; ಅದಕ್ಕೆ ದಾರಿ ಮಾಡುವುದು ಅಕ್ಕನ ಕೆಲಸ.

ಮೊದಲು ಎಲ್ಲವನ್ನೂ ಸಾಲಾಗಿ ಒಂದೇ ಕಟ್ಟಿನಲ್ಲಿ ಇಟ್ಟಿದ್ದಳು. ಹೊಸ ಪ್ರೊಸೆಸರ್ ಬಂದಾಗ ನಡುವೆ ಒಂದನ್ನು ತುರುಕಿದಳು. ಅದರ ನಂತರದ್ದೆಲ್ಲ ಜಾಗ ಬಿಟ್ಟು ಸರಿದು, ಗ್ರಾಹಕರ ಮಷೀನುಗಳು ತಲೆಕೆಟ್ಟಂತೆ ಆಡಿದವು. ಬೈಗುಳ ತಿಂದ ಮೇಲೆ ಅಕ್ಕ ಕಟ್ಟನ್ನೇ ಬಿಚ್ಚಿ, ಪ್ರತಿ ರಿಜಿಸ್ಟರಿಗೂ ಬೇರೆ ಗುರುತು ಸಂಖ್ಯೆ ಕೊಟ್ಟಳು. ಯಾವ ಪ್ರೊಸೆಸರಿನದು, ಎಷ್ಟು ಅಗಲ, ಅಂದರೆ ಎಷ್ಟು ಅಂಕಿ ಹಿಡಿಯುತ್ತದೆ ಎಂಬುದು ಅದರಲ್ಲೇ ಇರುತ್ತಿತ್ತು. ಹೊಸದು ಸೇರಿದರೂ ಹಳೆಯದು ಅಲುಗಾಡದು.

ಅಷ್ಟರಲ್ಲಿ ಮತ್ತೊಂದು ಬಗೆಯ ಪ್ರೊಸೆಸರ್ ಬಂತು. ಅದರ ಕೆಲವು ರಿಜಿಸ್ಟರುಗಳ ಅಗಲ ಚಿಪ್‌ನಿಂದ ಚಿಪ್‌ಗೆ ಬೇರೆ!

"ಅಗಲ ಎಷ್ಟಂತ ಬರೀಲಿ ಸರ್?"

"ಎಲ್ಲಕ್ಕಿಂತ ದೊಡ್ಡದು ಬರ್ದುಬಿಡಿ," ಎಂದರು ಮುಖ್ಯಸ್ಥರು.

"ನಾಳೆ ಅದಕ್ಕಿಂತ ದೊಡ್ಡದು ಬಂದ್ರೆ? ಒಂದ್ಸಲ ಗ್ರಾಹಕರ ಕೈಗೆ ಕೊಟ್ಮೇಲೆ ಗುರುತು ಸಂಖ್ಯೆ ಬದಲಾಯಿಸೋ ಹಾಗಿಲ್ವಲ್ಲ."



ಮನೆಯಲ್ಲಿ ಟೈಲರ್ ಗಂಡ ಹೊಲಿಗೆ ಯಂತ್ರದ ಮುಂದಿನಿಂದಲೇ ಸಲಹೆ ಕೊಟ್ಟ. "ಬಟ್ಟೆ ಜಾಸ್ತಿ ಬಿಟ್ಟು ಮಡಚಿ ಹೊಲಿ. ಬೇಕಾದಾಗ ಬಿಚ್ಚಿದ್ರಾಯ್ತು."

"ಬಿಚ್ಚೋ ಹಾಗಿಲ್ಲ ಅಂತಲೇ ಅಲ್ವೇನ್ರೀ ತಲೆನೋವು!"

"ಹಾಗಾದ್ರೆ ನಂಗೊತ್ತಿಲ್ಲ ಮಾರಾಯ್ತಿ." ಅವಳ ತಲೆ ಇನ್ನಷ್ಟು ಗೋಜಲಾಯಿತು.

ಕೊನೆಗೆ ದೊಡ್ಡ ರಿಜಿಸ್ಟರನ್ನು ಒಂದೇ ಅಳತೆಯ ತುಂಡುಗಳಾಗಿ ಒಡೆದು ಪ್ರತಿ ತುಂಡಿಗೂ ಒಂದು ಗುರುತು ಸಂಖ್ಯೆ ಕೊಟ್ಟಳು; ಅಗಲ ಹೆಚ್ಚಿದರೆ ತುಂಡು ಹೆಚ್ಚು, ಅಷ್ಟೆ. ಆದರೆ ಅಗಲ ತಿಳಿಯದೆ ಎಷ್ಟು ತುಂಡು ಎನ್ನುವುದು ಹೇಗೆ? ಎರಡು ಸಲ ಬರೆದು ಅಳಿಸಿದಳು. ಆಮೇಲೆ, ಧೈರ್ಯವಿಲ್ಲದೆಯೇ, ಅಗಲವನ್ನೇ ಒಂದು ರಿಜಿಸ್ಟರ್ ಎಂದು ಕರೆದು ಅದಕ್ಕೂ ಗುರುತು ಸಂಖ್ಯೆ ಕೊಟ್ಟಳು. ಮಷೀನ್ ಓಡುವ ಮುಂಚೆ ಅದನ್ನು ಬರೆಯಬೇಕು, ಮತ್ತೆ ಬದಲಾಗದಂತೆ ಬೀಗ ಹಾಕಬೇಕು. ಆಮೇಲಷ್ಟೇ ತನ್ನಲ್ಲಿ ಯಾವ ತುಂಡುಗಳಿವೆಯೆಂದು ಮಷೀನ್ ಹೇಳುತ್ತದೆ.

ನಿಲ್ಲಿಸಿದ ಮಷೀನನ್ನು ಬೇರೆ ಕಂಪ್ಯೂಟರಿಗೆ ಒಯ್ದು ಎಬ್ಬಿಸಿದರು. ಬಿಟ್ಟ ಲೆಕ್ಕವನ್ನು ಅದು ಅಲ್ಲಿಂದಲೇ ಮುಂದುವರಿಸಿತು.

"ಸರಿಹೋಯ್ತಲ್ಲ ಅಕ್ಕಾ!" ಪಕ್ಕದ ಮೇಜಿನ ಪರೀಕ್ಷಕಿ ಕೂಗಿದಳು.

"ಹೋಯ್ತೇನೋ. ಆದ್ರೆ ಅಗಲ ರಿಜಿಸ್ಟರೇ ಅಲ್ವಲ್ಲೇ. ಹೌದು ಅಂತ ಸುಳ್ಳು ಹೇಳಿದೀನಿ. ಇದು ಸರೀನಾ?"

"ನಂಗೇನ್ ಗೊತ್ತು? ಪರೀಕ್ಷೆಯಂತೂ ಪಾಸು."

ಮುಂದೆ ಇನ್ನೂ ಎರಡು ಪ್ರೊಸೆಸರುಗಳು ಅದೇ ದಾರಿಯಲ್ಲಿ ಸೇರಿದವು, ಹಳೆಯದೇನೂ ಕೆಡಲಿಲ್ಲ. ಹೀಗೇಕೆ ಮಾಡಿದಿರೆಂದು ಹೊಸಬರು ಕೇಳಿದರೆ ಅಕ್ಕ, "ಆಗ ಬೇರೇನೂ ತೋಚ್ಲಿಲ್ಲಪ್ಪ. ನಿಮಗೇನಾದ್ರೂ ತೋಚುತ್ತಾ?" ಎಂದು ಅವರನ್ನೇ ಕೇಳುತ್ತಿದ್ದಳು.