ಎಲ್ಲರೂ ಬಂದ ಮೇಲೆ ದೋಣಿ

ಹೋದ ವಾರ ಡ್ರಾಯಿಂಗ್ ಮಾಸ್ಟ್ರ ಮಗಳು ಮನೆಗೆ ಬಂದು ಒಂದು ಹಳೆಯ ಬಿಸ್ಕತ್ತಿನ ಡಬ್ಬ ಕೊಟ್ಟಳು. ಮಾಸ್ಟ್ರು ತೀರಿಹೋಗಿ ಎರಡು ತಿಂಗಳಾಗಿತ್ತು. ಮಂಡಿನೋವಿನ ನೆವದಲ್ಲಿ ನಾನು ಕೊನೆಯ ದರ್ಶನಕ್ಕೂ ಹೋಗಿರಲಿಲ್ಲ. ಮುಚ್ಚಳ ತೆಗೆದದ್ದೇ ತಡ, ಅಚ್ಚಿನ ಮಸಿಯ ವಾಸನೆ ಮೂಗಿಗೆ ಬಂತು. ಮೇಲೆಯೇ ಮಡಚಿಟ್ಟ ಆಟದ ಹಾಳೆ...

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಪುತ್ತೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದೆ. ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದು ಆ ಕೆಲಸದಿಂದಲೇ. ಮಾಸ್ಟ್ರು ಇಚಿಲಂಪಾಡಿ ಕಡೆಯವರು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುವಾಗ ಬಾಳೆಲೆಯಲ್ಲಿ ಪುನರ್ಪುಳಿ ಹಣ್ಣು ಕಟ್ಟಿ ತರುತ್ತಿದ್ದರು. ನಾನು ಹುಳಿಗೆ ಮುಖ ಕಿವುಚುವುದನ್ನು ನೋಡುವುದೆಂದರೆ ಅವರಿಗೆ ಖುಷಿ.

ಶಾಲೆಯ ಮಕ್ಕಳಿಗೆಂದು ಅವರೊಂದು ಆಟ ಮಾಡಿದ್ದರು. ದಾಳ ಹಾಕುತ್ತ ಗುಡ್ಡ ಇಳಿದು, ತೋಡಿನ ನೀರು ಹಾಯ್ದು, ಮರದ ಸಂಕದ ಮೇಲೆ ನಡೆದು, ಹೊಳೆದಡದಲ್ಲಿ ದೋಣಿ ಹತ್ತುವ ಕಡವಿಗೆ ಬರಬೇಕು. ಆಗ ನಮ್ಮ ಕಡವುಗಳಲ್ಲಿ ಒಂದು ಕ್ರಮವಿತ್ತು. ಗುಡ್ಡದ ಮೇಲಿನಿಂದ ಯಾರಾದರೂ ಕೂ ಹಾಕಿದರೆ, ಅವರು ಇಳಿದು ಬರುವವರೆಗೆ ದೋಣಿಯವ ಕಾಯಲೇಬೇಕು. ಮಾಸ್ಟ್ರ ಆಟದ ಕೊನೆಯ ನಿಯಮವೂ ಅದೇ: ಮೊದಲು ಬಂದವರು ಕಡವಿನಲ್ಲಿ ಕಾಯಬೇಕು, ಅವರು ಹಾಕಿದ ದಾಳವೆಲ್ಲ ಹಿಂದುಳಿದವರಿಗೆ, ಎಲ್ಲರೂ ಬಂದ ಮೇಲೆ ದೋಣಿ.

ಅದನ್ನು ಅಚ್ಚುಹಾಕಿ ಮಾರಲು ಒಪ್ಪಿದ ನಮ್ಮ ಪ್ರೆಸ್ಸಿನ ಧಣಿಗಳಿಗೆ ಆ ನಿಯಮ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

"ಗೆಲ್ಲುವವನೇ ಇಲ್ಲದ್ದು ಎಂತ ಆಟ ಮಾರಾಯ್ರೆ? ಯಾರು ತೆಕ್ಕೊಳ್ತಾರೆ?"

"ದೋಣಿಯಲ್ಲಿ ಫಸ್ಟು, ಸೆಕೆಂಡು ಉಂಟಾ ಧಣಿಗಳೇ? ಅದೊಂದು ಮುಟ್ಟಬೇಡಿ. ಬೇರೆ ಎಂತ ಬೇಕಾದ್ರೂ ಮಾಡಿ."

ಧಣಿಗಳು "ಆಯ್ತು ಆಯ್ತು" ಎಂದರು. ಮಾಸ್ಟ್ರು ಬಸ್ಸು ಹತ್ತಿದ ಮೇಲೆ ನನ್ನನ್ನು ಕರೆದು ಆ ಸಾಲು ಬದಲಿಸಲು ಹೇಳಿದರು. ಕೆಟ್ಟವರೇನಲ್ಲ, ಹಾಳೆ ಕಟ್ಟುಗಟ್ಟಲೆ ಉಳಿದೀತೆಂಬ ಹೆದರಿಕೆ ಅವರದು. 'ಮೊದಲು ಕಡವು ಮುಟ್ಟಿದವರೇ ರಾಜ' ಎಂದು ನಾನೇ ಜೋಡಿಸಿದೆ. ಈ ಕೈಗಳೇ.

ಮುಂದಿನ ಶನಿವಾರ ಮಾಸ್ಟ್ರು ಆ ಸಾಲಿನ ಮೇಲೆ ಬೆರಳಿಟ್ಟರು. "ಹಾಗಾದ್ರೆ ನನ್ನ ಹೆಸರು ತೆಗೀರಿ" ಎಂದರು. ಅಷ್ಟೂ ಹಾಳೆ ಆಗಲೇ ಅಚ್ಚಾಗಿತ್ತು; ಅವನ್ನು ಊರೂರ ಶಾಲೆಗಳಿಗೆ ಮುಟ್ಟಿಸಬೇಕಾದವರು ಮಾಸ್ಟ್ರೇ. ನಾನು ತಲೆಯೆತ್ತಲಿಲ್ಲ. ನನ್ನ ಮೇಜಿನ ಮೇಲೆ ಎಂದಿನಂತೆ ಪುನರ್ಪುಳಿ ಇಟ್ಟೇ ಹೋದರು... ಅವರು ಬೈದಿದ್ದರೆ ವಾಸಿಯಿತ್ತು.

ಆ ವಾರ ಧಣಿಗಳು ಊಟಕ್ಕೆ ಹೋದಾಗ ನಾನು ಹಳೆಯ ನಿಯಮವನ್ನು ಮತ್ತೆ ಜೋಡಿಸಿ, ಸಣ್ಣ ಸಣ್ಣ ಚೀಟಿಗಳಲ್ಲಿ ಕದ್ದು ಅಚ್ಚುಹಾಕಿದೆ. ಶನಿವಾರ ಬಸ್‌ಸ್ಟ್ಯಾಂಡಿಗೆ ಓಡಿಹೋಗಿ ಅವರ ಚೀಲಕ್ಕೆ ಹಾಕಿ, "ಆ ಸಾಲಿನ ಮೇಲೆ ಅಂಟಿಸಿ ಮಾಸ್ಟ್ರೆ" ಎಂದೆ. ಅವರು ಒಂದು ಚೀಟಿ ತೆಗೆದು ಓದಿದರು, ಕಣ್ಣು ಒದ್ದೆಯಾಯಿತು. "ನೀನು ಒಳ್ಳೇ ಹುಡುಗಿ ತಂಗೀ" ಎಂದರು, ಅಷ್ಟೇ. ಆಮೇಲೆ ಪ್ರೆಸ್ಸು ಮುಚ್ಚಿತು, ನನಗೆ ಮದುವೆಯಾಯಿತು, ಅವರ ಭೇಟಿ ತಪ್ಪಿಹೋಯಿತು. ನನ್ನ ಚೀಟಿ ಅಂಟಿಸಿದ ಹಾಳೆಯಲ್ಲಿ ಮಕ್ಕಳು ಆಡುತ್ತಿದ್ದಾರೆಂದು ನೆನೆದು ಎಷ್ಟೋ ವರ್ಷ ಒಳಗೊಳಗೇ ಬೀಗಿದ್ದೆ.

ಡಬ್ಬದ ತಳದಲ್ಲಿ ಬಾಳೆನಾರಿನಿಂದ ಬಿಗಿದ ಕಟ್ಟೊಂದಿತ್ತು. ನನ್ನ ಚೀಟಿಗಳು! ಒಂದನ್ನೂ ಬಳಸಿರಲಿಲ್ಲ.

"ಅಂಟಿಸಿದ್ರೆ ನಿಮ್ಮ ಧಣಿಗಳಿಗೆ ಅವರದ್ದೇ ಪ್ರೆಸ್ಸಿನ ಅಕ್ಷರ ಅಂತ ಗುರ್ತ ಸಿಗ್ತದೆ, ನಿಮ್ಮ ಕೆಲಸ ಹೋಗ್ತದೆ ಅಂತ ಅಪ್ಪ ಅಂಟಿಸ್ಲೇ ಇಲ್ಲ" ಎಂದಳು ಮಗಳು. "ಅವರ ಶಾಲೆಯ ಮಕ್ಕಳಿಗೆ ಬಾಯಲ್ಲೇ ಹೇಳಿಕೊಟ್ರು."

ಉಳಿದ ಊರುಗಳಲ್ಲೆಲ್ಲ ಅವರ ಹೆಸರಿನಲ್ಲಿ ಅವರದಲ್ಲದ ಆಟ ನಡೆಯಿತು. ನನಗಾಗಿ ಅದನ್ನು ನುಂಗಿಕೊಂಡರು. ನಾನೋ, ಮಂಡಿನೋವೆಂದು ಕೂತವಳು.

ಅವಳು ಹೋದ ಮೇಲೆ ಮೈದಾ ಕಾಸಿ ಅಂಟು ಮಾಡಿದೆ. ಹಾಳೆ ಬಿಡಿಸಿ, ನಾನು ಜೋಡಿಸಿದ್ದ ಆ ಸಾಲಿನ ಮೇಲೆ ಒಂದು ಚೀಟಿ ಅಂಟಿಸಿದೆ. ನೇರವಾಗಿ ಕೂತಿತು. ನೋಡಬೇಕಾದವರು ಮಾತ್ರ ಇರಲಿಲ್ಲ.